ಆಕಾಶದಲ್ಲಿ ಕೊನೇ ಪಂಕ್ತಿ

ಒಂದೇ ವಿಮಾನ, ಒಂದೇ ಸಾಲು, ಒಂದೇ ಊಟ. ಒಬ್ಬರು ಲಕ್ಷಗಟ್ಟಲೆ ತೆತ್ತಿದ್ದಾರೆ, ಇನ್ನೊಬ್ಬರು ಅದೇ ಕಂಪನಿಯ ಮೈಲಿ ಕೊಟ್ಟಿದ್ದಾರೆ, ಮತ್ತೊಬ್ಬರು ಬೇರೆ ದೇಶದ ಬೇರೆ ಕಂಪನಿಯ ಪಾಯಿಂಟು ತಂದು ಇಬ್ಬರಿಗಿಂತಲೂ ಅಗ್ಗವಾಗಿ ಕೂತಿದ್ದಾರೆ. ಜರ್ಮನಿಯ ಸೀಟಿಗೆ ಕೆನಡಾದ ಪಾಯಿಂಟು ಯಾಕೆ ಹೆಚ್ಚು ಬಾಳುತ್ತದೆ? ‘ನಿಷ್ಠೆಗೆ ಬಹುಮಾನ’ ಎಂಬ ಬೋರ್ಡು ಹಾಕಿಕೊಂಡ ಈ ಅಂಗಡಿಯಲ್ಲಿ ನಿಷ್ಠಾವಂತರಿಗೇ ದುಬಾರಿ!

ನಡುರಾತ್ರಿ ದಾಟಿದ ಮೇಲೆಯೇ ಕೆಂಪೇಗೌಡ ವಿಮಾನ ನಿಲ್ದಾಣದ ಎರಡನೇ ಟರ್ಮಿನಲ್ ಪೂರ್ತಿ ಕಣ್ಣು ಬಿಡುವುದು. ಬಿದಿರಿನ ಚಾವಣಿಯ ಕೆಳಗೆ, ಕಾಟನ್ ಸೀರೆಗೆ ಸ್ಪೋರ್ಟ್ಸ್ ಶೂ ಹಾಕಿಕೊಂಡ ಅಮ್ಮಂದಿರು. ಸೂಟ್‌ಕೇಸು 23 ಕೆ.ಜಿ. ದಾಟಿತೆಂದು ನೆಲದ ಮೇಲೇ ಬಿಚ್ಚಿ, ಚಟ್ನಿಪುಡಿ ಪೊಟ್ಟಣವನ್ನು ಕೈಚೀಲಕ್ಕೆ ಸಾಗಿಸುತ್ತಿರುವ ಅಪ್ಪಂದಿರು. ಬೇಸಿಗೆ ರಜೆ ಶುರುವಾಯಿತೆಂದರೆ ಈ ಸಾಲು ಇನ್ನೂ ಉದ್ದ. ಮಗಳ ಬಾಣಂತನಕ್ಕೆ ಸ್ಯಾನ್ ಹೋಸೆಗೆ, ಮೊಮ್ಮಗನ ಘಟಿಕೋತ್ಸವಕ್ಕೆ ಡಾಲಸ್‌ಗೆ, ಸುಮ್ಮನೆ ನಾಲ್ಕು ತಿಂಗಳು ಇದ್ದು ಬರಲು ನ್ಯೂಜೆರ್ಸಿಗೆ.

ಅವರಲ್ಲಿ ಕೆಲವರು ವಿಮಾನದ ಬಾಗಿಲಲ್ಲಿ ಎಡಕ್ಕೆ ತಿರುಗುತ್ತಾರೆ. ಎಡಕ್ಕೆಂದರೆ ಬಿಸಿನೆಸ್ ಕ್ಲಾಸು. ಮಂಡಿನೋವಿನವರಿಗೆ ಕಾಲು ಚಾಚಿ ಮಲಗಿಕೊಂಡೇ ಖಂಡ ದಾಟುವ ಸೌಕರ್ಯ.

ಫ್ರಾಂಕ್‌ಫರ್ಟ್‌ಗೆ ಹೊರಟ ಲುಫ್ತಾನ್ಸಾ ವಿಮಾನದ ಅಂಥದೊಂದು ಸಾಲನ್ನು ಕಲ್ಪಿಸಿಕೊಳ್ಳಿ. ಕಿಟಕಿ ಪಕ್ಕ, ಕಂಪನಿ ಖರ್ಚಿನಲ್ಲಿ ಹೊರಟ ಸಾಫ್ಟ್‌ವೇರ್ ಅಧಿಕಾರಿ. ನಡುವೆ ಒಬ್ಬ ಜರ್ಮನ್ ವ್ಯಾಪಾರಿ. ವರ್ಷಗಟ್ಟಲೆ ಲುಫ್ತಾನ್ಸಾದಲ್ಲೇ ಹಾರಿ ಕೂಡಿಟ್ಟ ಮೈಲಿಗಳನ್ನು ಸುರಿದು, ಮೇಲೆ ಹಲವು ನೂರು ಯೂರೊ ಸರ್‌ಚಾರ್ಜನ್ನೂ ತೆತ್ತವನು. ಆಚೆ ಬದಿಯಲ್ಲಿ ಬಸವನಗುಡಿಯ ಒಬ್ಬ ಅಮ್ಮ. ಟೊರಾಂಟೊದಲ್ಲಿರುವ ಮಗ ದಿನಸಿ, ಪೆಟ್ರೋಲು, ಮಗುವಿನ ಡೇಕೇರ್ ಎಲ್ಲವನ್ನೂ ಒಂದೇ ಕಾರ್ಡಿನಲ್ಲಿ ಉಜ್ಜಿ ಗಳಿಸಿದ ಏರ್ ಕೆನಡಾ ಪಾಯಿಂಟಿನಲ್ಲಿ ಅಮ್ಮನಿಗೆ ಟಿಕೆಟ್ ಮಾಡಿಸಿದ್ದಾನೆ. ಲುಫ್ತಾನ್ಸಾಕ್ಕೆ ಆ ಮಗ ಜೀವಮಾನದಲ್ಲಿ ಒಂದು ಕಾಸು ಕೊಟ್ಟವನಲ್ಲ. ಆದರೂ ಆ ಸಾಲಿನಲ್ಲಿ ಕೈಯಿಂದ ಅತಿ ಕಡಿಮೆ ದುಡ್ಡು ಬಿಟ್ಟವನು ಅವನೇ.

ಇದರಲ್ಲಿ ಮೋಸವೂ ಇಲ್ಲ, ವಶೀಲಿಯೂ ಇಲ್ಲ. ಎಲ್ಲವೂ ನಿಯಮದ ಪ್ರಕಾರವೇ. ನಿಯಮ ಮಾತ್ರ ಹಾಗಿದೆ.

ಎಲೆ ಉಳಿದರೆ ನೆಂಟರಿಗೆ

ಬಾಗಿಲು ಮುಚ್ಚಿದ ಕ್ಷಣದಿಂದ ಖಾಲಿ ಸೀಟಿನ ಬೆಲೆ ಸೊನ್ನೆ. ಅದಕ್ಕೇ ವಿಮಾನ ಕಂಪನಿಗಳು ಯಾವ ಸೀಟು ದುಡ್ಡಿಗೆ ಹೋದೀತು, ಯಾವುದು ಉಳಿದೀತು ಎಂದು ಹೆಚ್ಚುಕಡಿಮೆ ಒಂದು ವರ್ಷ ಮುಂಚಿನಿಂದಲೇ ಕಂಪ್ಯೂಟರಿನಲ್ಲಿ ಅಂದಾಜು ಹಾಕುತ್ತ, ದಿನದಿನಕ್ಕೆ ತಿದ್ದುತ್ತ ಕೂರುತ್ತವೆ.

ಮದುವೆಮನೆಯ ಊಟ ನೋಡಿದವರಿಗೆ ಈ ವ್ಯವಸ್ಥೆ ಬೇಗ ಅರ್ಥವಾಗುತ್ತದೆ. ಮೊದಲ ಪಂಕ್ತಿ ಬೀಗರದು: ಪೂರ್ತಿ ದುಡ್ಡು ಕೊಟ್ಟವರು. ಎರಡನೆಯದು ಮನೆಯವರದು: ಆ ಕಂಪನಿಯದೇ ಮೈಲಿ ಇರುವವರು. ಪಕ್ಕದೂರಿನ ನೆಂಟರು, ಅಂದರೆ ಪಾಲುದಾರ ಕಂಪನಿಗಳ ಮೈಲಿ ಹಿಡಿದು ಬಂದವರು, ಕೂರಬೇಕಾದದ್ದು ಕೊನೇ ಪಂಕ್ತಿಗೆ. ಎಲೆ ಎಷ್ಟು ಉಳಿದಿದೆಯೋ ಅಷ್ಟೇ ಜನ. ಆದರೆ ಬಡಿಸುವುದು ಅದೇ ಹೋಳಿಗೆ, ಅದೇ ತುಪ್ಪ.

ಉಳಿದ ಎಲೆಗಳನ್ನು ಎಣಿಸಲಿಕ್ಕೂ ಒಂದು ಸಂಕೇತವಿದೆ. ಸ್ಟಾರ್ ಅಲಯನ್ಸ್ ಗುಂಪಿನಲ್ಲಿ ಪಾಲುದಾರರಿಗೆ ಬಿಟ್ಟ ಬಿಸಿನೆಸ್ ಸೀಟಿಗೆ ‘ಐ’, ಎಕಾನಮಿಗೆ ‘ಎಕ್ಸ್’, ಫಸ್ಟ್ ಕ್ಲಾಸಿಗೆ ‘ಒ’. ತೆರೆಯ ಮೇಲೆ ‘ಐ2’ ಎಂದಿದ್ದರೆ ಇಬ್ಬರಿಗೆ ಜಾಗವಿದೆ. ‘ಐ0’ ಎಂದಿದ್ದರೆ ಕೋಟಿ ಮೈಲಿ ಇದ್ದರೂ ಪ್ರಯೋಜನವಿಲ್ಲ.

ಸೀಟು ತೆರೆದಿದೆ ಎನ್ನಿ. ಏರ್ ಕೆನಡಾ ತನ್ನ ಸದಸ್ಯನಿಗೆ ಟಿಕೆಟ್ ಬರೆದು, ಲುಫ್ತಾನ್ಸಾಕ್ಕೆ ಮೊದಲೇ ಮಾತಾದ ಒಂದು ಮೊತ್ತ ಕಳಿಸುತ್ತದೆ. ಎಷ್ಟೆಂಬುದು ಅವರಿಬ್ಬರ ಗುಟ್ಟು. ಹೇಗೂ ಉಳಿಯುತ್ತಿದ್ದ ಸೀಟಾದ್ದರಿಂದ, ಕೌಂಟರಿನ ಬೆಲೆಗೆ ಹೋಲಿಸಿದರೆ ಅದು ಚಿಕ್ಕ ಮೊತ್ತ. ಸದಸ್ಯನ ಖಾತೆಯಿಂದ ಎಷ್ಟು ಪಾಯಿಂಟು ಕಳೆಯಬೇಕು ಎಂದು ತೀರ್ಮಾನಿಸುವುದು ಮಾತ್ರ ಏರ್ ಕೆನಡಾ. ಅದರಲ್ಲಿ ಲುಫ್ತಾನ್ಸಾದ ಮಾತು ನಡೆಯುವುದಿಲ್ಲ. ಸೀಟು ಒಂದೇ, ಮಾರುವ ಅಂಗಡಿಗಳು ಹತ್ತಾರು, ಬೆಲೆಯೂ ಹತ್ತಾರು.

ಫೋನ್ ನಂಬರಿನಿಂದ ಶುರು

ಅಮೆರಿಕ 1978ರಲ್ಲಿ ವಿಮಾನ ದರಗಳ ಮೇಲಿನ ಸರ್ಕಾರಿ ಹಿಡಿತ ಸಡಿಲಿಸಿತು. ದರ ಸಮರ ಶುರುವಾಯಿತು. ಗಿರಾಕಿಯನ್ನು ಕಟ್ಟಿಹಾಕುವ ದಾರಿ ಹುಡುಕುತ್ತಿದ್ದ ಅಮೆರಿಕನ್ ಏರ್‌ಲೈನ್ಸ್, ತನ್ನ ‘ಸೇಬರ್’ ಬುಕಿಂಗ್ ಕಂಪ್ಯೂಟರಿನಲ್ಲಿ ಮತ್ತೆ ಮತ್ತೆ ಕಾಣಿಸುವ ಫೋನ್ ನಂಬರುಗಳನ್ನು ಹೆಕ್ಕಿತು. ಮೇಲಿಂದ ಮೇಲೆ ಹಾರುವವರು ಯಾರೆಂದು ಆ ನಂಬರುಗಳೇ ಹೇಳಿದವು. 1981ರ ಮೇ 1ರಂದು ‘ಎಅಡ್ವಾಂಟೇಜ್’ ಎಂಬ ಮೈಲಿ ಕ್ಲಬ್ಬು ಹುಟ್ಟಿತು. ಕೆಲವೇ ದಿನಗಳಲ್ಲಿ ಯುನೈಟೆಡ್ ಕಂಪನಿಯ ‘ಮೈಲೇಜ್ ಪ್ಲಸ್’ ಬಂತು.

ಆಗ ಒಂದು ಮೈಲಿ ಹಾರಿದರೆ ಒಂದು ಮೈಲಿ ಜಮೆ. ಸರಳ. ತನ್ನ ವಿಮಾನ ಹೋಗದ ಊರಿಗೂ ಗಿರಾಕಿಯನ್ನು ಕಳಿಸಬೇಕಾದಾಗ ಪಾಲುದಾರಿಕೆ ಬೇಕಾಯಿತು. ಲುಫ್ತಾನ್ಸಾ, ಯುನೈಟೆಡ್, ಏರ್ ಕೆನಡಾ, ಥಾಯ್, ಎಸ್‌ಎಎಸ್ ಸೇರಿ 1997ರ ಮೇ ತಿಂಗಳಲ್ಲಿ ಸ್ಟಾರ್ ಅಲಯನ್ಸ್ ಕಟ್ಟಿದವು. 1999ರಲ್ಲಿ ಒನ್‌ವರ್ಲ್ಡ್, 2000ದಲ್ಲಿ ಸ್ಕೈಟೀಮ್. ನಮ್ಮ ಏರ್ ಇಂಡಿಯಾ ಸ್ಟಾರ್ ಅಲಯನ್ಸ್ ಸೇರಿದ್ದು 2014ರ ಜುಲೈನಲ್ಲಿ.

ಮೂರು ಗುಂಪುಗಳ ನಡುವೆ ಗೋಡೆ ಇದೆ ಎಂದುಕೊಂಡರೆ ತಪ್ಪು. ಗೋಡೆಯಲ್ಲಿ ಕಿಂಡಿಗಳೂ ಇವೆ. ವರ್ಜಿನ್ ಅಟ್ಲಾಂಟಿಕ್ 2023ರಿಂದ ಸ್ಕೈಟೀಮ್ ಸದಸ್ಯ, ಜಪಾನಿನ ಎಎನ್‌ಎ ಸ್ಟಾರ್ ಗುಂಪಿನದು. ಆದರೂ ವರ್ಜಿನ್ ಪಾಯಿಂಟಿನಲ್ಲಿ ಎಎನ್‌ಎ ವಿಮಾನ ಹತ್ತಬಹುದು. ಯಾವ ಗುಂಪಿಗೂ ಸೇರದ ಎಮಿರೇಟ್ಸ್ ಕೂಡ ಏರ್ ಕೆನಡಾದ ಜೊತೆ ಕೈಜೋಡಿಸಿದೆ. ಆಳವಾಗಿ ಇಳಿದವರಿಗೆ ಮಜಾ ಸಿಗುವುದು ಈ ಕಿಂಡಿಗಳಲ್ಲೇ.

> ಪುಡಿಂಗ್ ಪುರಾಣ
> 1999ರಲ್ಲಿ ‘ಹೆಲ್ದಿ ಚಾಯ್ಸ್’ ಎಂಬ ಆಹಾರ ಕಂಪನಿ ಡಬ್ಬಿಯ ಮೇಲಿನ ಬಾರ್‌ಕೋಡ್ ಕಳಿಸಿದವರಿಗೆ ಮೈಲಿ ಕೊಡುವುದಾಗಿ ಘೋಷಿಸಿತು. ಕ್ಯಾಲಿಫೋರ್ನಿಯಾದ ಎಂಜಿನಿಯರ್ ಡೇವಿಡ್ ಫಿಲಿಪ್ಸ್ ಅಂಗಡಿ ಅಂಗಡಿ ಅಲೆದು, ಒಂದಕ್ಕೆ ಸುಮಾರು 25 ಸೆಂಟಿನಂತೆ 12,150 ಪುಡಿಂಗ್ ಕಪ್ ಕೊಂಡರು. ಖರ್ಚು 3,140 ಡಾಲರ್. ಪುಡಿಂಗನ್ನು ಸಾಲ್ವೇಶನ್ ಆರ್ಮಿಗೆ ದಾನ ಕೊಟ್ಟು, ಬದಲಿಗೆ ಅವರ ಸ್ವಯಂಸೇವಕರಿಂದಲೇ ಬಾರ್‌ಕೋಡ್ ಕೀಳಿಸಿಕೊಂಡರು. ಬಂದ ಮೈಲಿ ಹನ್ನೆರಡೂವರೆ ಲಕ್ಷ! 2002ರ ಹಾಲಿವುಡ್ ಸಿನಿಮಾ ‘ಪಂಚ್ ಡ್ರಂಕ್ ಲವ್’ನಲ್ಲಿ ಈ ಪ್ರಸಂಗದ ನೆರಳಿದೆ.

ಒಂದು ಸೀಟು, ಹಲವು ಬಾಗಿಲು

ಮತ್ತೆ ಫ್ರಾಂಕ್‌ಫರ್ಟ್ ಸೀಟಿಗೆ ಬರೋಣ. ಅದೇ ಸೀಟನ್ನು ಬೇರೆ ಬೇರೆ ಕ್ಲಬ್ಬುಗಳಲ್ಲಿ ಕೇಳಿ ನೋಡಿದರೆ ಈ ಲೋಕದ ಮುಕ್ಕಾಲು ಪಾಠ ಮುಗಿದಂತೆ.

ಮೊದಲ ಬಾಗಿಲು ಲುಫ್ತಾನ್ಸಾದ್ದೇ ಕ್ಲಬ್ಬು, ‘ಮೈಲ್ಸ್ ಆ್ಯಂಡ್ ಮೋರ್’. ಸೀಟು ಕಾಣುವುದು ಇಲ್ಲೇ ಹೆಚ್ಚು. ಎರಡನೇ ಪಂಕ್ತಿಯ ಅನುಕೂಲ ಅದು. ಆದರೆ 2025ರ ಜೂನ್‌ನಿಂದ ತನ್ನ ಬಳಗದ ವಿಮಾನಗಳಿಗೆ ಅದು ಸ್ಥಿರ ಪಟ್ಟಿ ಕೈಬಿಟ್ಟು, ಟಿಕೆಟ್ ದರದಂತೆ ಏರಿಳಿಯುವ ಮೈಲಿ ದರ ತಂದಿತು. ಮೇಲೆ ‘ಕ್ಯಾರಿಯರ್ ಸರ್‌ಚಾರ್ಜ್’. ಇಂಧನದ ಹೆಸರಲ್ಲಿ ಹುಟ್ಟಿದ ಈ ಸುಂಕ ತೈಲ ಅಗ್ಗವಾದಾಗ ಹೆಸರು ಬದಲಿಸಿಕೊಂಡಿತೇ ಹೊರತು ಹೋಗಲಿಲ್ಲ. ‘ಉಚಿತ’ ಟಿಕೆಟ್ಟಿಗೆ ಹತ್ತಾರು ಸಾವಿರ ರೂಪಾಯಿ ಬಿಲ್ ಬಂದರೆ ಬಹುತೇಕ ಇದರದೇ ಕೈವಾಡ.

ಎರಡನೆಯದು ಸಿಂಗಪುರ ಏರ್‌ಲೈನ್ಸ್‌ನ ‘ಕ್ರಿಸ್‌ಫ್ಲೈಯರ್’. ಭಾರತದ ದೊಡ್ಡ ಬ್ಯಾಂಕುಗಳ ದುಬಾರಿ ಕಾರ್ಡುಗಳಿಂದ ಪಾಯಿಂಟು ಸಾಗಿಸಲು ಇಷ್ಟು ಸಲೀಸಾದ ಕ್ಲಬ್ಬು ಇನ್ನೊಂದಿಲ್ಲ. ಆದರೆ ಪಾಲುದಾರನ ಸರ್‌ಚಾರ್ಜನ್ನು ಅದು ನೇರ ಪ್ರಯಾಣಿಕನ ತಲೆಗೆ ಕಟ್ಟುತ್ತದೆ. ಲುಫ್ತಾನ್ಸಾದ ಸೀಟನ್ನು ಇಲ್ಲಿ ತೆಗೆದರೆ ಮೈಲಿಯೂ ಹೋಯಿತು, ದುಡ್ಡೂ ಹೋಯಿತು. ಕ್ರಿಸ್‌ಫ್ಲೈಯರ್ ಮೈಲಿಯ ನಿಜವಾದ ಬೆಲೆ ಇರುವುದು ಸಿಂಗಪುರದ ಸ್ವಂತ ವಿಮಾನಗಳಲ್ಲಿ. ದೂರ ಪ್ರಯಾಣದ ಬಿಸಿನೆಸ್, ಫಸ್ಟ್ ಕ್ಲಾಸ್ ಸೀಟುಗಳನ್ನು ಆ ಕಂಪನಿ ಹೊರಗಿನವರಿಗೆ ಸಾಮಾನ್ಯವಾಗಿ ಬಿಡುವುದೇ ಇಲ್ಲ. ಸ್ವಂತ ವಿಮಾನದ ಮೈಲಿ ಟಿಕೆಟ್ಟಿಗೆ ಇಂಧನ ಸುಂಕವನ್ನು 2017ರಲ್ಲೇ ಕೈಬಿಟ್ಟಿದೆ.

ಮೂರನೆಯದು ಏರ್ ಕೆನಡಾದ ‘ಏರೋಪ್ಲಾನ್’. ಪಾಲುದಾರರ ವಿಮಾನಕ್ಕೆ ಸರ್‌ಚಾರ್ಜ್ ಇಲ್ಲ. 39 ಕೆನಡಿಯನ್ ಡಾಲರ್ ಬುಕಿಂಗ್ ಶುಲ್ಕ, ಮತ್ತೆ ನಿಜವಾದ ಸರ್ಕಾರಿ ತೆರಿಗೆ, ಅಷ್ಟೇ. ಜೊತೆಗೆ ಇನ್ನೊಂದು ಸೌಲಭ್ಯ ಇದಕ್ಕಿದೆ: ಒಮ್ಮುಖ ಟಿಕೆಟ್ಟಿನಲ್ಲೂ 5,000 ಪಾಯಿಂಟು ಹೆಚ್ಚು ಕೊಟ್ಟರೆ ದಾರಿಯ ಊರಿನಲ್ಲಿ ಕೆಲವು ದಿನ ಇಳಿದು ಹೋಗಬಹುದು. ಟೊರಾಂಟೊಗೆ ಹೊರಟ ಅಪ್ಪ ಅಮ್ಮ ಜೂರಿಕ್‌ನಲ್ಲಿ ಮೂರು ದಿನ ಹಿಮ ನೋಡಿ ಮುಂದೆ ಹೋಗಲಿಕ್ಕೆ ಇಷ್ಟು ಅಗ್ಗದ ಉಪಾಯ ಬೇರೆ ಕಾಣೆ. ಷೆಂಗೆನ್ ವೀಸಾ ಮಾತ್ರ ಬೇಕು.

ನಾಲ್ಕನೆಯದು ಕೊಲಂಬಿಯಾದ ಅವಿಯಾಂಕಾ ಕಂಪನಿಯ ‘ಲೈಫ್‌ಮೈಲ್ಸ್’. ಸರ್‌ಚಾರ್ಜ್ ಇಲ್ಲೂ ಇಲ್ಲ. ಆಗಾಗ ರಿಯಾಯಿತಿಯಲ್ಲಿ ಮೈಲಿಯನ್ನೇ ಮಾರುತ್ತದೆ. ಬೆಂಗಳೂರಿಗೆ ಈ ಕಂಪನಿಯ ಒಂದು ವಿಮಾನವೂ ಬರುವುದಿಲ್ಲ, ಆದರೂ ಅದರ ಮೈಲಿ ಇಟ್ಟುಕೊಂಡ ಬೆಂಗಳೂರಿಗರಿದ್ದಾರೆ! ಪ್ರಯಾಣ ಏರುಪೇರಾದರೆ ಬೊಗೋಟಾದ ಕಂಪನಿಯೊಂದಿಗೆ ಫೋನಿನಲ್ಲಿ ಏಗುವ ತಾಳ್ಮೆ ಇರಬೇಕು. ವಯಸ್ಸಾದವರ ಟಿಕೆಟ್ಟಿಗೆ ನಾನಂತೂ ಇದನ್ನು ಹೇಳುವುದಿಲ್ಲ.

ಯುನೈಟೆಡ್ ಕೂಡ ಸರ್‌ಚಾರ್ಜ್ ಹಾಕುವುದಿಲ್ಲ, ಮೈಲಿಗೆ ಅವಧಿ ಮಿತಿಯೂ ಇಲ್ಲ, ರದ್ದು ಮಾಡಿದರೆ ಮೈಲಿ ಪುಕ್ಕಟೆ ವಾಪಸು. ಆದರೆ 2019ರಲ್ಲಿ ದರಪಟ್ಟಿಯನ್ನೇ ತೆಗೆದುಹಾಕಿದ್ದರಿಂದ ಇಂದಿನ ಬೆಲೆ ನಾಳೆ ಇರುತ್ತದೆಂಬ ಖಾತರಿಯಿಲ್ಲ. ಪಟ್ಟಿ ಕಿತ್ತೆಸೆಯುವ ದಾರಿ ತೋರಿಸಿದ್ದು ಡೆಲ್ಟಾ, 2015ರಲ್ಲಿ.

ಬೆಲೆ ತನ್ನ ವಿಮಾನಕ್ಕೆ ಏರಿಳಿಯಲಿ, ಪಾಲುದಾರನ ವಿಮಾನಕ್ಕೆ ಪಟ್ಟಿ ಇರಲಿ ಎಂಬ ಧೋರಣೆ ಈಗ ಹಲವು ಕ್ಲಬ್ಬುಗಳದ್ದು. ಅದರ ಫಲ ವಿಚಿತ್ರ. ಲುಫ್ತಾನ್ಸಾದಲ್ಲಿ ಕೂರಬೇಕೆಂದರೆ ಲುಫ್ತಾನ್ಸಾದ ಮೈಲಿ ಬಿಟ್ಟು ಬೇರೆ ಏನನ್ನಾದರೂ ಹುಡುಕು ಎನ್ನುವಂತಾಗಿದೆ.

> ಕ್ಯಾಲೆಂಡರಿನ ಆಟ
> ಮುಂದಿನ ವರ್ಷದ ಸೀಟು ಎಲ್ಲರಿಗೂ ಒಂದೇ ದಿನ ಕಾಣುವುದಿಲ್ಲ. ಬ್ರಿಟಿಷ್ ಏರ್‌ವೇಸ್ ಸದಸ್ಯರಿಗೆ 355 ದಿನ ಮೊದಲು, ಯುನೈಟೆಡ್‌ನವರಿಗೆ 337, ಅಮೆರಿಕನ್‌ನವರಿಗೆ 331. ಜಪಾನ್ ಏರ್‌ಲೈನ್ಸ್‌ನ ಜನಪ್ರಿಯ ಸೀಟಿಗೆ ಮೊದಲಿನವರಿಗೂ ಕೊನೆಯವರಿಗೂ ಇರುವ ಈ 24 ದಿನಗಳ ಅಂತರ ದೊಡ್ಡದು. ಆ ಬಾಗಿಲು ತಪ್ಪಿದವರು ಹೊರಡುವ ಮುಂಚಿನ ಎರಡು ವಾರ ಕಾಯಬೇಕು. ಮಾರಾಟವಾಗದ್ದನ್ನು ಕಂಪನಿಗಳು ಮತ್ತೆ ಬಿಡುವುದು ಆಗ. ಲುಫ್ತಾನ್ಸಾದ ಫಸ್ಟ್ ಕ್ಲಾಸ್ ಹೊರಗಿನವರಿಗೆ ಸಾಮಾನ್ಯವಾಗಿ ಸಿಗುವುದೇ ಈ ಕೊನೇ ಗಳಿಗೆಯಲ್ಲಿ.

ಲಂಡನ್ನಿನ ಸುಂಕದಕಟ್ಟೆ

ಸ್ಟಾರ್ ಅಲಯನ್ಸ್‌ನಿಂದ ಆಚೆ ಬಂದರೆ ಬೆಂಗಳೂರಿಗರ ಕಣ್ಣು ಹೆಚ್ಚು ಬೀಳುವುದು ‘ಏವಿಯೋಸ್’ ಮೇಲೆ. ಬ್ರಿಟಿಷ್ ಏರ್‌ವೇಸ್, ಐಬೀರಿಯಾ, ಏರ್ ಲಿಂಗಸ್, 2022ರಿಂದ ಕತಾರ್, 2024ರಿಂದ ಫಿನ್‌ಏರ್: ಐದೂ ಕ್ಲಬ್ಬುಗಳಿಗೆ ಒಂದೇ ನಾಣ್ಯ. ಒಂದರಿಂದ ಇನ್ನೊಂದಕ್ಕೆ ಸಾಗಿಸಬಹುದು. ಆದರೆ ಪ್ರತಿ ಕ್ಲಬ್ಬಿನ ದರ, ಸುಂಕ ಬೇರೆ ಬೇರೆ.

ಏವಿಯೋಸ್ ದೂರದ ಲೆಕ್ಕದಲ್ಲಿ ನಡೆಯುತ್ತದೆ. ಹತ್ತಿರದ ಊರಿಗೆ ಕಡಿಮೆ. ಬೆಂಗಳೂರಿನಿಂದ ಕೊಲಂಬೊ 650 ಮೈಲಿಯೊಳಗಿನ ಮೊದಲ ಹಂತದಲ್ಲೇ ಬರುತ್ತದೆ, ಶ್ರೀಲಂಕನ್ ಏರ್‌ಲೈನ್ಸ್ ಒನ್‌ವರ್ಲ್ಡ್ ಸದಸ್ಯ. ಕೊನೇ ಗಳಿಗೆಯಲ್ಲಿ ಟಿಕೆಟ್ ದರ ಗಗನಕ್ಕೇರಿದಾಗ ಇದು ಕೈಹಿಡಿಯುತ್ತದೆ. ಮಾಮೂಲಿ ದಿನಗಳಲ್ಲಿ ಇಷ್ಟು ಚಿಕ್ಕ ದಾರಿಗೆ ಪಾಯಿಂಟು ಖರ್ಚು ಮಾಡುವುದು ದಂಡ.

ಬೆಂಗಳೂರು–ಲಂಡನ್ನಿಗೆ ಏವಿಯೋಸ್ ಬಳಸುವವರು ಮಾತ್ರ ಹುಷಾರಾಗಿರಬೇಕು. ಬ್ರಿಟಿಷ್ ಏರ್‌ವೇಸ್‌ನ ಸರ್‌ಚಾರ್ಜ್ ದೊಡ್ಡದು. ಅದರ ಮೇಲೆ ಬ್ರಿಟನ್ ಸರ್ಕಾರದ ‘ಏರ್ ಪ್ಯಾಸೆಂಜರ್ ಡ್ಯೂಟಿ’. ಲಂಡನ್ನಿನಿಂದ ಭಾರತದಷ್ಟು ದೂರ ಹೊರಡುವವರಿಗೆ 2025ರ ಏಪ್ರಿಲ್‌ನ ದರ ಎಕಾನಮಿಗೆ 90 ಪೌಂಡ್, ಬಿಸಿನೆಸ್‌ಗೆ 216 ಪೌಂಡ್. ವರ್ಷವರ್ಷ ಏರುವುದೇ ಅದರ ಜಾಯಮಾನ. ಮೈಲಿ ಟಿಕೆಟ್ಟಿಗೂ ವಿನಾಯಿತಿ ಇಲ್ಲ. ಆದರೆ ಇದು ಹೊರಡುವವರಿಗೆ ಮಾತ್ರ ಬೀಳುವ ತೆರಿಗೆ. ಲಂಡನ್ನಿಗೆ ಬಂದಿಳಿಯುವವರಿಗೂ ಇಲ್ಲ, ಒಂದೇ ಟಿಕೆಟ್ಟಿನಲ್ಲಿ 24 ಗಂಟೆಯೊಳಗೆ ಇನ್ನೊಂದು ಅಂತರರಾಷ್ಟ್ರೀಯ ವಿಮಾನ ಹಿಡಿಯುವವರಿಗೂ ಇಲ್ಲ. ಬುದ್ಧಿವಂತರು ಲಂಡನ್ನಿಗೆ ಹೋಗಿ, ಅಲ್ಲಿಂದ ರೈಲಿನಲ್ಲಿ ಪ್ಯಾರಿಸ್‌ಗೋ ಆಮ್‌ಸ್ಟರ್‌ಡ್ಯಾಮ್‌ಗೋ ದಾಟಿ, ಏರ್ ಫ್ರಾನ್ಸ್–ಕೆಎಲ್‌ಎಮ್‌ನ ‘ಫ್ಲೈಯಿಂಗ್ ಬ್ಲೂ’ ಮೈಲಿಯಲ್ಲಿ ಬೆಂಗಳೂರಿಗೆ ವಾಪಸಾಗುತ್ತಾರೆ. ಆ ಎರಡೂ ಊರುಗಳಿಂದ ಬೆಂಗಳೂರಿಗೆ ನೇರ ವಿಮಾನವಿದೆ. ಫ್ಲೈಯಿಂಗ್ ಬ್ಲೂ ತಿಂಗಳಿಗೊಮ್ಮೆ ಆಯ್ದ ದಾರಿಗಳಿಗೆ ಮೈಲಿ ರಿಯಾಯಿತಿಯನ್ನೂ ಪ್ರಕಟಿಸುತ್ತದೆ. ಅದರ ಪಟ್ಟಿಯಲ್ಲಿ ನಮ್ಮೂರು ಬಂದರೆ ಅದೃಷ್ಟ.

ನೋಟು ಅಚ್ಚು ಹಾಕುವವರೇ ಬೆಲೆ ಕಟ್ಟಿದರೆ?

ಇಷ್ಟೆಲ್ಲ ಓದಿ ಮೈಲಿ ಕೂಡಿಡಲು ಹೊರಟವರು ಒಂದು ಕ್ಷಣ ನಿಲ್ಲಬೇಕು.

2005ರಲ್ಲಿ ‘ದಿ ಎಕನಾಮಿಸ್ಟ್’ ಪತ್ರಿಕೆ ಒಂದು ಲೆಕ್ಕ ಹಾಕಿತು. ಜಗತ್ತಿನಲ್ಲಿ ಖರ್ಚಾಗದೆ ಉಳಿದ ಮೈಲಿಗಳ ಒಟ್ಟು ಮೌಲ್ಯ, ಚಲಾವಣೆಯಲ್ಲಿದ್ದ ಡಾಲರ್ ನೋಟು, ನಾಣ್ಯಗಳಿಗಿಂತ ಹೆಚ್ಚು! ಹದಿನೈದು ವರ್ಷದ ನಂತರ ಕೊರೊನಾ ಬಂದು ವಿಮಾನಗಳು ನೆಲ ಹಿಡಿದಾಗ ಈ ಮಾತಿನ ಅರ್ಥ ಬಯಲಾಯಿತು. 2020ರಲ್ಲಿ ಯುನೈಟೆಡ್ ಅಡವಿಟ್ಟದ್ದು ತನ್ನ ಮೈಲಿ ಕ್ಲಬ್ಬನ್ನು. ಎತ್ತಿದ ಸಾಲ 680 ಕೋಟಿ ಡಾಲರ್. ಕ್ಲಬ್ಬಿಗೆ ಕಂಪನಿಯೇ ಕಟ್ಟಿಕೊಂಡ ಬೆಲೆ ಸುಮಾರು 2,200 ಕೋಟಿ ಡಾಲರ್. ಆ ಹೊತ್ತಿಗೆ ಷೇರುಪೇಟೆಯಲ್ಲಿ ಇಡೀ ಯುನೈಟೆಡ್ ಕಂಪನಿಯ ಬೆಲೆ ಅದಕ್ಕಿಂತ ಎಷ್ಟೋ ಕಡಿಮೆ ಇತ್ತು. ಡೆಲ್ಟಾ, ಅಮೆರಿಕನ್ ಕೂಡ ಇದೇ ದಾರಿ ಹಿಡಿದವು. ಕಾರ್ಡ್ ಗಿರಾಕಿಗಳಿಗೆ ಹಂಚಲು ಬ್ಯಾಂಕುಗಳಿಗೆ ಮೈಲಿ ಮಾರುವುದು ಪ್ರಯಾಣಿಕರನ್ನು ಹೊತ್ತು ಹಾರುವುದಕ್ಕಿಂತ ಲಾಭದ ಕೆಲಸ ಎಂದು ಸಾಲ ಕೊಟ್ಟವರು ಲೆಕ್ಕ ಹಾಕಿದ್ದರು.

ಈ ನಾಣ್ಯಕ್ಕೆ ರಿಸರ್ವ್ ಬ್ಯಾಂಕ್ ಇಲ್ಲ. ಅಚ್ಚು ಹಾಕುವವರೂ ಅವರೇ, ಅದರಿಂದ ಏನು ಕೊಳ್ಳಬಹುದೆಂದು ಹೇಳುವವರೂ ಅವರೇ. ವರ್ಜಿನ್ ಪಾಯಿಂಟಿನಲ್ಲಿ ಅಮೆರಿಕದ ಪಶ್ಚಿಮ ಕರಾವಳಿಯಿಂದ ಟೋಕಿಯೊಗೆ ಎಎನ್‌ಎ ಫಸ್ಟ್ ಕ್ಲಾಸ್‌ನಲ್ಲಿ ಹೋಗಿಬರಲು 1,10,000 ಪಾಯಿಂಟು ಸಾಕಾಗುತ್ತಿತ್ತು. 2023ರಲ್ಲಿ ಅದು 1,45,000 ಆಯಿತು. ಕೂಡಿಟ್ಟವರ ಖಾತೆಯಲ್ಲಿ ಅಂಕಿ ಅಷ್ಟೇ ಇತ್ತು, ಬೆಲೆ ಹೋಗಿತ್ತು. ಎಸ್‌ಎಎಸ್‌ನವರ ಕಥೆ ಇನ್ನೂ ವಿಚಿತ್ರ. ಸ್ಟಾರ್ ಅಲಯನ್ಸ್ ಕಟ್ಟಿದ ಐವರಲ್ಲಿ ಒಬ್ಬರಾದ ಅವರು 2024ರ ಆಗಸ್ಟ್ 31ಕ್ಕೆ ಆ ಗುಂಪು ಬಿಟ್ಟು ಮರುದಿನ ಸ್ಕೈಟೀಮ್ ಸೇರಿದರು. ಹೊಸ ಮನೆಗೆ ಜನ ಸೆಳೆಯಲು, ವರ್ಷ ಮುಗಿಯುವುದರೊಳಗೆ ಸ್ಕೈಟೀಮ್‌ನ 15 ಕಂಪನಿಗಳ ವಿಮಾನದಲ್ಲಿ ಹಾರಿದವರಿಗೆ ಹತ್ತು ಲಕ್ಷ ಪಾಯಿಂಟು ಎಂದು ಸಾರಿದರು. ನೂರಾರು ಮಂದಿ ಊಟ ನಿದ್ದೆ ಬಿಟ್ಟು ಭೂಮಿ ಸುತ್ತಿ ಗೆದ್ದೂ ಗೆದ್ದರು!

ಬೆಂಗಳೂರಿಗೆ ಈ ಪಾಠ ಹೊಸದಲ್ಲ. ಇಲ್ಲೇ ಹುಟ್ಟಿದ ಕಿಂಗ್‌ಫಿಶರ್ 2008ರ ಸೆಪ್ಟೆಂಬರಿನಲ್ಲಿ ಬೆಂಗಳೂರು–ಲಂಡನ್ ಹಾರಾಟದಿಂದ ವಿದೇಶ ಸಂಚಾರ ಶುರು ಮಾಡಿತು. ಅದರ ‘ಕಿಂಗ್ ಮೈಲ್ಸ್’ ಕೂಡಿಟ್ಟವರು ಒನ್‌ವರ್ಲ್ಡ್ ಬಾಗಿಲು ತೆರೆಯುವುದನ್ನೇ ಕಾಯುತ್ತಿದ್ದರು. ಸೇರ್ಪಡೆಗೆ 2012ರ ಫೆಬ್ರುವರಿ 10 ಎಂದು ದಿನ ಗೊತ್ತಾಗಿತ್ತು. ಕೆಲವೇ ದಿನ ಮೊದಲು ಅದು ಮುಂದಕ್ಕೆ ಹೋಯಿತು; ಅಕ್ಟೋಬರಿನಲ್ಲಿ ವಿಮಾನಗಳೇ ನಿಂತವು. ಕಿಂಗ್ ಮೈಲ್ಸ್ ಇಟ್ಟುಕೊಂಡವರಿಗೆ ಚಿಪ್ಪೇ ಗತಿ. ಜೆಟ್ ಏರ್‌ವೇಸ್ 2019ರ ಏಪ್ರಿಲ್‌ನಲ್ಲಿ ನಿಂತಾಗ ಹಾಗಾಗಲಿಲ್ಲ. ಅದರ ಕ್ಲಬ್ಬು ಪ್ರತ್ಯೇಕ ಕಂಪನಿಯಾಗಿತ್ತು, ಹೆಚ್ಚಿನ ಪಾಲು ಎತಿಹಾದ್ ಕೈಯಲ್ಲಿತ್ತು. ವಿಮಾನ ಸತ್ತರೂ ಮೈಲಿ ‘ಇಂಟರ್‌ಮೈಲ್ಸ್’ ಎಂಬ ಹೆಸರಲ್ಲಿ ಉಸಿರಾಡಿತು. ವಿಸ್ತಾರಾದ್ದು ಸುಖಾಂತ್ಯ: 2024ರ ನವೆಂಬರ್ 12ರಂದು ಏರ್ ಇಂಡಿಯಾದಲ್ಲಿ ಲೀನವಾದಾಗ ಅದರ ಸದಸ್ಯರು ‘ಮಹಾರಾಜ ಕ್ಲಬ್’ ಸೇರಿಕೊಂಡರು. ಸ್ಟಾರ್ ಅಲಯನ್ಸ್ ಬಾಗಿಲು ತಾನಾಗಿ ತೆರೆಯಿತು.

ಹಾಗಾಗಿ ನನ್ನ ಮಟ್ಟಿಗೆ ಕ್ರಮ ತಿರುಗುಮುರುಗಾಗಬೇಕು. ಕ್ಲಬ್ಬು ಆರಿಸಿ, ಮೈಲಿ ತುಂಬಿಸಿ, ಆಮೇಲೆ ಸೀಟು ಹುಡುಕುವುದು ಸೋಲುವ ದಾರಿ. ಮೊದಲು ಸೀಟು ಹುಡುಕಿ. ಯಾವ ಯಾವ ಕ್ಲಬ್ಬು ಆ ಸೀಟು ಮಾರುತ್ತದೆ, ಸುಂಕ ಸೇರಿ ಎಷ್ಟಾಗುತ್ತದೆ ನೋಡಿ. ಎರಡು ಕ್ಲಬ್ಬುಗಳಲ್ಲಿ ಕಂಡರೆ ಸೀಟು ನಿಜ; ಒಂದರಲ್ಲೇ ಕಂಡರೆ ಅದು ‘ಫ್ಯಾಂಟಮ್’, ದುಡ್ಡು ಕಟ್ಟುವ ಹೊತ್ತಿಗೆ ಮಾಯವಾಗುವ ಭೂತ ಇರಬಹುದು. ಆ ತನಕ ಪಾಯಿಂಟು ಬ್ಯಾಂಕಿನಲ್ಲೇ ಇರಲಿ. ಬ್ಯಾಂಕಿನಿಂದ ಕ್ಲಬ್ಬಿಗೆ ಹೋದ ಪಾಯಿಂಟು ವಾಪಸು ಬರುವುದಿಲ್ಲ. ಕೆಲವು ವರ್ಗಾವಣೆಗೆ ಗಂಟೆ ಸಾಕು, ಕೆಲವಕ್ಕೆ ದಿನಗಟ್ಟಲೆ ಬೇಕು. ಅಷ್ಟರಲ್ಲಿ ಸೀಟು ಹೋದರೆ ಕೇಳುವವರಿಲ್ಲ. ಈ ಅಪಾಯ ಒಪ್ಪಿಕೊಂಡೇ ಆಡಬೇಕು.

ಕಾರ್ಡಿನ ಬಾಕಿಯನ್ನು ಪ್ರತಿ ತಿಂಗಳು ಪೂರ್ತಿ ತೀರಿಸಲಾಗದವರು ಈ ಆಟದ ಹತ್ತಿರವೂ ಸುಳಿಯಬಾರದು. ತಿಂಗಳಿಗೆ ಶೇ 3.5ರ ಆಸುಪಾಸಿನ ಬಡ್ಡಿ ಯಾವ ಮೈಲಿಯನ್ನೂ ನುಂಗಿ ನೀರು ಕುಡಿಯುತ್ತದೆ.

> ಮೈಲಿಯ ಆಯಸ್ಸು
> ಕ್ರಿಸ್‌ಫ್ಲೈಯರ್ ಮೈಲಿ ಗಳಿಸಿದ 3 ವರ್ಷಕ್ಕೆ ಮುಗಿಯುತ್ತದೆ, ಬಳಸುತ್ತಿದ್ದರೂ ಅಷ್ಟೇ. ಉಳಿದ ಹಲವು ಕ್ಲಬ್ಬುಗಳಲ್ಲಿ ಖಾತೆಯಲ್ಲಿ ಏನಾದರೊಂದು ಚಲನೆ ಇದ್ದರೆ ಸಾಕು: ಏವಿಯೋಸ್‌ಗೆ 36 ತಿಂಗಳಲ್ಲಿ ಒಮ್ಮೆ, ಏರೋಪ್ಲಾನ್‌ಗೆ 18, ಲೈಫ್‌ಮೈಲ್ಸ್‌ಗೆ 12. ಯುನೈಟೆಡ್‌ದು ಚಿರಂಜೀವಿ.

ಅಪ್ಪ ಅಮ್ಮನ ಟಿಕೆಟ್ ಮಾಡಿಸುವಾಗ

ನಮ್ಮವರಲ್ಲಿ ಮೈಲಿ ಟಿಕೆಟ್ ಹೆಚ್ಚಾಗಿ ಖರ್ಚಾಗುವುದು ಹೆತ್ತವರಿಗಾಗಿ. ಅಲ್ಲಿ ಎಡವುವುದು ಸಣ್ಣಪುಟ್ಟ ಸಂಗತಿಗಳಲ್ಲೇ.

ಪಾಲುದಾರ ಟಿಕೆಟ್ಟಿಗೆ ಎರಡು ಪಿಎನ್‌ಆರ್ ಇರುತ್ತವೆ. ಟಿಕೆಟ್ ಕೊಟ್ಟ ಏರೋಪ್ಲಾನ್‌ದು ಒಂದು, ಹಾರಿಸುವ ಲುಫ್ತಾನ್ಸಾದ್ದು ಇನ್ನೊಂದು. ವೀಲ್‌ಚೇರ್, ಸಸ್ಯಾಹಾರ, ಸೀಟಿನ ಆಯ್ಕೆ ಇವೆಲ್ಲ ಎರಡನೆಯದರ ಮೇಲೆ ನಡೆಯುವ ಕೆಲಸ. ಅದನ್ನು ಕೇಳಿ ಬರೆದುಕೊಳ್ಳದೆ ಹೋದರೆ ಮಧ್ಯರಾತ್ರಿ ಚೆಕ್‌ಇನ್ ಕೌಂಟರಿನಲ್ಲಿ ವೀಲ್‌ಚೇರಿಗೆ ಪರದಾಟ. ವಿಮಾನ ರದ್ದಾದರೆ ‘ಟಿಕೆಟ್ ಕೊಟ್ಟವರನ್ನು ಕೇಳಿ’ ಎಂದು ಇವರು, ‘ಹಾರಿಸುವವರನ್ನು ಕೇಳಿ’ ಎಂದು ಅವರು. ಹೊರಟ ಮೇಲಿನ ತೊಂದರೆಗೆ ವಿಮಾನ ನಿಲ್ದಾಣದಲ್ಲಿರುವ ಕಂಪನಿಯನ್ನೇ ಹಿಡಿಯಬೇಕು, ಹೊರಡುವ ಮುಂಚಿನದಕ್ಕೆ ಟಿಕೆಟ್ ಕೊಟ್ಟವರನ್ನು.

ಹೆಸರಿನದ್ದು ಕನ್ನಡಿಗರ ಖಾಸಾ ತಾಪತ್ರಯ. ಊರಿನ ಹೆಸರು, ಅಪ್ಪನ ಹೆಸರು ಇನಿಷಿಯಲ್ ಆಗಿ ಸೇರಿದ ನಮ್ಮ ಹಿರಿಯರ ಪಾಸ್‌ಪೋರ್ಟಿನಲ್ಲಿ ಎಷ್ಟೋ ಸಲ ಸರ್‌ನೇಮ್ ಜಾಗ ಖಾಲಿ. ಅಮೆರಿಕದ ವೀಸಾದಲ್ಲಿ ಅಂಥವರಿಗೆ ‘ಎಫ್‌ಎನ್‌ಯು’ (ಫಸ್ಟ್ ನೇಮ್ ಅನ್‌ನೋನ್) ಎಂಬ ಮೂರಕ್ಷರದ ಮೊದಲ ಹೆಸರು ಬಂದು ಕೂರುತ್ತದೆ. ಕ್ಲಬ್ಬಿನ ಖಾತೆಯಲ್ಲಿ ಒಂದು, ಪಾಸ್‌ಪೋರ್ಟಿನಲ್ಲಿ ಇನ್ನೊಂದು ಇದ್ದರೆ ಹಾರಿದ ಮೈಲಿ ಜಮೆಯಾಗುವುದಿಲ್ಲ. ಖಾತೆ ತೆರೆಯುವ ದಿನವೇ ಪಾಸ್‌ಪೋರ್ಟ್ ಮುಂದಿಟ್ಟುಕೊಂಡು ಅಕ್ಷರಕ್ಕಕ್ಷರ ತುಂಬಬೇಕು.

ಇನ್ನು ಯಾರಿಗೆ ಟಿಕೆಟ್ ಮಾಡಿಸಬಹುದು ಎಂಬ ಪ್ರಶ್ನೆ. ಕ್ರಿಸ್‌ಫ್ಲೈಯರ್‌ನಲ್ಲಿ ಐವರ ಹೆಸರು ಮೊದಲೇ ನೋಂದಾಯಿಸಬೇಕು. ಏರೋಪ್ಲಾನ್ ಯಾರಿಗಾದರೂ ಕೊಡುತ್ತದೆ, ಎಂಟು ಮಂದಿಯ ಕುಟುಂಬ ಪಾಯಿಂಟುಗಳನ್ನು ಒಂದೇ ಕಡೆ ಕೂಡಿಸಲೂಬಹುದು. ಜಪಾನಿನವರು ತೀರ ಮಡಿವಂತರು. ಬೆಂಗಳೂರಿನಿಂದ ಟೋಕಿಯೊಗೆ ನೇರ ಹಾರುವ ಜಪಾನ್ ಏರ್‌ಲೈನ್ಸ್ ತನ್ನ ಮೈಲಿಯಲ್ಲಿ ಟಿಕೆಟ್ ಕೊಡುವುದು ಸದಸ್ಯರಿಗೆ, ಅವರ ಸಂಗಾತಿಗೆ, ಎರಡು ತಲೆಯೊಳಗಿನ ಬಂಧುಗಳಿಗೆ ಮಾತ್ರ. ಮಗಳು, ಅಳಿಯ, ಮೊಮ್ಮಕ್ಕಳು ಸರಿ. ಅಳಿಯನ ಅಪ್ಪ ಅಮ್ಮ ಆ ಪಟ್ಟಿಯಲ್ಲಿಲ್ಲ. ಅವರನ್ನೂ ಜೊತೆಗೆ ಕರೆದೊಯ್ಯಬೇಕೆಂದಿದ್ದರೆ ಅದರ ಪಾಲುದಾರ ಅಮೆರಿಕನ್ ಏರ್‌ಲೈನ್ಸ್‌ನ ಎಅಡ್ವಾಂಟೇಜ್ ಮೈಲಿ ಹುಡುಕಬೇಕು. ಅದೇ ವಿಮಾನ, ಅದೇ ಸೀಟು. ಕೂರುವವರು ನಿಮಗೆ ಏನಾಗಬೇಕು ಎಂದು ಅಮೆರಿಕದವರು ಕೇಳುವುದಿಲ್ಲ.